ಅಣಬೆ ಬೆಳೆಯಲ್ಲ, ಸಾಕಣೆ: ನನ್ನ ಅನುಭವ

ಅಣಬೆ ಮಾಡ್ತೀನಿ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ಗೊಬ್ಬರ ಹಾಕ್ತೀರಿ? ಪಕ್ಕದ ತೋಟದ ಭಟ್ಟರೂ ಅದನ್ನೇ ಕೇಳಿದರು. "ಗೊಬ್ಬರ ಇಲ್ಲ ಭಟ್ರೇ, ಮೇವು ಹಾಕ್ತೀನಿ" ಎಂದೆ. ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಹಾಗೇ. ಸಾಗರದ ಕಡೆಯ ನಮ್ಮ ಮನೆಯ ಹಳೇ ಕೊಟ್ಟಿಗೆಯ ಒಂದು ಪಕ್ಕದಲ್ಲಿ ಚಿಪ್ಪು ಅಣಬೆ ಮಾಡುತ್ತೇನೆ. ಅದನ್ನು ಗಿಡ ಅಂದುಕೊಂಡು ನೋಡಿಕೊಂಡರೆ ಕೈಕೊಡುತ್ತದೆ. ದನ ಸಾಕಿದ ಹಾಗೆ ಹೊತ್ತುಹೊತ್ತಿಗೆ ವಿಚಾರಿಸಿಕೊಂಡರೆ ಚೆನ್ನಾಗಿ ಬರುತ್ತದೆ.

ಇದಕ್ಕೆ ಕಾರಣ ಇದೆ. ಗಿಡ ಬಿಸಿಲಿನಿಂದ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ. ಅಣಬೆಯಂಥ ಶಿಲೀಂಧ್ರಕ್ಕೆ ಅದು ಆಗುವುದಿಲ್ಲ. ಬೇರೆಯವರು ಮಾಡಿಟ್ಟದ್ದನ್ನು ತಿಂದೇ ಬದುಕಬೇಕು. ಜೀವಿಗಳ ವಂಶಾವಳಿ ನೋಡಿದರೂ ಅಣಬೆ, ಬೂಸ್ಟು ಎಲ್ಲ ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಸಿಗಡಿಯ ಚಿಪ್ಪಿನಲ್ಲಿ, ಜೀರುಂಡೆಯ ಮೈಯಲ್ಲಿ ಇರುವ ಕೈಟಿನ್ ಎಂಬ ಗಟ್ಟಿ ವಸ್ತುವೇ ಅಣಬೆಯ ಜೀವಕೋಶದ ಗೋಡೆಯಲ್ಲೂ ಇದೆ. ಉಳಿದ ಶಕ್ತಿಯನ್ನು ಅದು ಗಿಡದ ಹಾಗೆ ಪಿಷ್ಟ ಮಾಡಿ ಇಡುವುದಿಲ್ಲ. ನಮ್ಮ ಲಿವರ್‌ನಲ್ಲಿ ಇರುವಂಥ ಗ್ಲೈಕೋಜನ್ ಮಾಡಿ ಇಡುತ್ತದೆ. ಇನ್ನೊಂದು ಮಾತು. ನಾವು ಕೊಯ್ಯುವ ಅಣಬೆ ಅದರ ಪೂರ್ತಿ ಮೈ ಅಲ್ಲ, ಬೀಜಕಣ ಹಾರಿಸುವುದಕ್ಕೆ ಹೊರಗೆ ಬಂದ ಭಾಗ ಅಷ್ಟೆ. ನಿಜವಾದ ಮೈ ಹುಲ್ಲಿನೊಳಗೆ ಹಬ್ಬಿರುವ ಬಿಳಿ ಎಳೆಗಳು. ನಾನು ಸಾಕುವುದು ಆ ಎಳೆಗಳನ್ನು.

ಹಾಗಾಗಿ ಮೇವಿನಿಂದಲೇ ಶುರು. ಹೊಸ ಭತ್ತದ ಹುಲ್ಲೇ ಬೇಕು. ಮಳೆಯಲ್ಲಿ ನೆನೆದು ಕಪ್ಪಾದ ಹುಲ್ಲು ಬೇಡವೇ ಬೇಡ. ಎರಡು ಇಂಚಿನಷ್ಟು ಉದ್ದಕ್ಕೆ ಕತ್ತರಿಸಿ ರಾತ್ರಿಯಿಡೀ ನೆನೆಹಾಕುತ್ತೇನೆ. ಬೆಳಿಗ್ಗೆ ಗೋಣಿಚೀಲಕ್ಕೆ ತುಂಬಿ ಬಚ್ಚಲು ಹಂಡೆಯ ಬಿಸಿನೀರಲ್ಲಿ ಮುಳುಗಿಸುತ್ತೇನೆ. ನೀರು 80 ಡಿಗ್ರಿ ಆಸುಪಾಸಿನಲ್ಲಿ ಒಂದು ಗಂಟೆ ಇದ್ದರೆ ಸಾಕು. ಹುಲ್ಲಿನಲ್ಲಿ ಮೊದಲೇ ಕೂತಿರುವ ಬೇರೆ ಬೂಸ್ಟುಗಳ ಬಲ ಇದರಿಂದ ಮುರಿಯುತ್ತದೆ, ನಮ್ಮ ಬೀಜಕ್ಕೆ ಮೊದಲ ತುತ್ತು ಸಿಗುತ್ತದೆ. ಆಮೇಲೆ ಸೋಸಿ ಆರಲು ಹರಡಬೇಕು. ಎಷ್ಟು ಆರಬೇಕು ಅನ್ನುವುದನ್ನು ಕೈಯೇ ಹೇಳುತ್ತದೆ. ಒಂದು ಹಿಡಿ ಹುಲ್ಲು ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಇನ್ನೂ ಕಾಯಬೇಕು. ಹನಿ ಬೀಳದೆ ಅಂಗೈ ಮಾತ್ರ ಒದ್ದೆಯಾದರೆ ಹದ ಬಂತು. ಇಡೀ ಕೆಲಸದಲ್ಲಿ ನಾನು ಅತಿ ಜಾಸ್ತಿ ಗಮನ ಕೊಡುವುದು ಈ ಹದಕ್ಕೇ. ನೀರು ಜಾಸ್ತಿಯಾದರೆ ಚೀಲದ ತಳ ಹುಳಿ ವಾಸನೆ ಬಂದು ಕೊಳೆಯುತ್ತದೆ.

ಬೀಜ ಅಂದರೆ ಬೇಯಿಸಿದ ಜೋಳದ ಕಾಳಿನ ಮೇಲೆ ಬೆಳೆಸಿದ ಎಳೆಗಳು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೆಂದೇ ಪ್ರಯೋಗಾಲಯ ಇದೆ. ಕೃಷಿ ವಿಶ್ವವಿದ್ಯಾಲಯಗಳಲ್ಲೂ ವಿಚಾರಿಸಬಹುದು. ಒಂದು ಕಿಲೋ ಒಣಹುಲ್ಲಿಗೆ ನಾನು 100 ಗ್ರಾಂ ಬೀಜ ಲೆಕ್ಕ ಹಿಡಿಯುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು ಹಾಕಿ, ಅಂಚಿನ ಸುತ್ತ ಬೀಜ ಉದುರಿಸಿ, ಮತ್ತೆ ಹುಲ್ಲು. ಹೀಗೆ ಒತ್ತಿ ತುಂಬಿ, ಬಾಯಿ ಕಟ್ಟಿ, ಸ್ಪಿರಿಟ್‌ನಲ್ಲಿ ಒರೆಸಿದ ದಬ್ಬಣದಿಂದ ಸುತ್ತಲೂ ತೂತು ಚುಚ್ಚುತ್ತೇನೆ. ಎರಡು ಮೂರು ವಾರದಲ್ಲಿ ಚೀಲ ಪೂರ್ತಿ ಬೆಳ್ಳಗಾಗುತ್ತದೆ.

ಆ ದಿನಗಳಲ್ಲಿ ಚೀಲದ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿರುತ್ತದೆ. ತಿಂದು ಅರಗಿಸುವಾಗ ಹುಟ್ಟುವ ಬಿಸಿ ಅದು. ಚೀಲದ ನಡುಭಾಗ ಕೋಣೆಗಿಂತ ಕೆಲವು ಡಿಗ್ರಿ ಹೆಚ್ಚೇ ಬಿಸಿ ಇರುತ್ತದೆ. ಚೀಲಗಳನ್ನು ಒತ್ತೊತ್ತಾಗಿ ಪೇರಿಸಿದರೆ ತಮ್ಮ ಬಿಸಿಗೆ ತಾವೇ ಬೆಂದುಹೋಗುತ್ತವೆ. ಅದಕ್ಕೇ ಗೇಣುದ್ದ ಜಾಗ ಬಿಟ್ಟು ತೂಗುಹಾಕುತ್ತೇನೆ. ಹಳದಿ ಹುಲ್ಲು ದಿನ ಕಳೆದಂತೆ ಪೇಲವವಾಗುವುದೂ ಕಾಣುತ್ತದೆ. ದನದ ಹೊಟ್ಟೆಗೂ ಅರಗದ ಲಿಗ್ನಿನ್ ಎಂಬ ಗಟ್ಟಿ ಅಂಶವನ್ನು ಈ ಎಳೆಗಳು ಒಡೆದು ಹಾಕುತ್ತವೆ. ಲಿಗ್ನಿನ್ ಪೂರ್ತಿ ಕರಗಿಸಬಲ್ಲ ಜೀವಿಗಳು ಭೂಮಿಯ ಮೇಲೆ ಬಹಳ ಕಡಿಮೆ. ಕಾಡಿನಲ್ಲಿ ಬಿದ್ದ ಮರ ಮತ್ತೆ ಮಣ್ಣಾಗುವುದೇ ಇಂಥವರ ದೆಸೆಯಿಂದ.

ಇನ್ನು ಉಸಿರು. ಅಣಬೆ ನಮ್ಮ ಹಾಗೆಯೇ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಪೂರ್ತಿ ಬೆಳ್ಳಗಾದ ಚೀಲ ಸೀಳಿ, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಲು ಶುರು ಮಾಡಿದ ಮೇಲೆ ಗಾಳಿ ಆಡಲೇಬೇಕು. ಕಿಟಕಿ ಮುಚ್ಚಿದ್ದರೆ ಅಣಬೆಯೇ ದೂರು ಹೇಳುತ್ತದೆ: ಕಾಂಡ ಉದ್ದುದ್ದ, ಟೋಪಿ ಪುಟಾಣಿ. ಅಂಥದ್ದು ಕಂಡರೆ ನಾನು ಬೇರೇನೂ ಮಾಡುವುದಿಲ್ಲ, ಸುಮ್ನೆ ಕಿಟಕಿ ತೆಗೆಯುತ್ತೇನೆ. ಮರುದಿನ ಬರುವ ಮೊಗ್ಗು ಸರಿಯಾಗಿರುತ್ತದೆ. ಅಣಬೆ ಕತ್ತಲಲ್ಲೇ ಬೆಳೆಯಬೇಕು ಅನ್ನುವ ನಂಬಿಕೆ ಅರ್ಧ ಮಾತ್ರ ನಿಜ. ಎಳೆ ಹಬ್ಬುವಾಗ ಕತ್ತಲಾದರೂ ಅಡ್ಡಿಯಿಲ್ಲ. ಮೊಗ್ಗು ಮೂಡುವುದಕ್ಕೆ ಪೇಪರ್ ಓದುವಷ್ಟು ಬೆಳಕು ಬೇಕು. ಊಟಕ್ಕಲ್ಲ, ಹೊರಗಡೆ ಬಂದೆ ಎಂದು ತಿಳಿಯುವುದಕ್ಕೆ.

ನಮ್ಮಂಥ ತೋಟದವರಿಗೆ ಒಂದು ವಿಷಯ ಒತ್ತಿ ಹೇಳಬೇಕು. ಕಾಳುಮೆಣಸಿನ ಸೊರಗು ರೋಗಕ್ಕೆ ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ ಹಾಕುತ್ತೇವಲ್ವಾ? ಅದೂ ಒಂದು ಶಿಲೀಂಧ್ರ. ತೋಟದಲ್ಲಿ ಅದು ಬೇರು ಕಾಯುತ್ತದೆ. ಅಣಬೆ ಚೀಲಕ್ಕೆ ಬಂದರೆ ಹಸಿರು ಬೂಸ್ಟಾಗಿ ಇಡೀ ಚೀಲವನ್ನೇ ನುಂಗುತ್ತದೆ. ಹಾಗಾಗಿ ಟ್ರೈಕೋಡರ್ಮಾ ಮುಟ್ಟಿದ ದಿನ ಸ್ನಾನ ಮಾಡಿ ಬಟ್ಟೆ ಬದಲಿಸದೆ ಅಣಬೆ ಕೋಣೆಗೆ ಕಾಲಿಡುವುದಿಲ್ಲ. ಹಸಿರು ಕಂಡ ಚೀಲವನ್ನು ಬಿಚ್ಚದೆ ಹಾಗೇ ದೂರ ಒಯ್ದು ಹೂಳುತ್ತೇನೆ. ಅಡಿಕೆಯ ಕೊಳೆರೋಗದ ವಿಷಯ ಇನ್ನೂ ಸೋಜಿಗ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರಲ್ಲೇ ಅದರ ಮೇಲೆ ವಿವರವಾಗಿ ಬರೆದಿದ್ದರು. ನಾವೆಲ್ಲ ಅದನ್ನು ಶಿಲೀಂಧ್ರ ರೋಗ ಅನ್ನುತ್ತೇವೆ. ಆದರೆ ಆ ರೋಗ ತರುವ ಫೈಟೋಫ್ತೋರಾ ಎಂಬ ಜೀವಿ ನಿಜವಾದ ಶಿಲೀಂಧ್ರವೇ ಅಲ್ಲ. ಅದರ ಕೋಶದ ಗೋಡೆ ಮುಖ್ಯವಾಗಿ ಕೈಟಿನ್ನಿನದಲ್ಲ, ಸಮುದ್ರದ ಕಂದು ಪಾಚಿಯ ನೆಂಟ ಅದು.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಚಿಪ್ಪು ಅಣಬೆಯ ಬೇಟೆ. ಹೌದು, ಇದು ಮಾಂಸ ತಿನ್ನುತ್ತದೆ. ಮರದಲ್ಲಿ, ಹುಲ್ಲಿನಲ್ಲಿ ಸಾರಜನಕ ಬಹಳ ಕಡಿಮೆ. ಆ ಕೊರತೆ ತುಂಬಿಕೊಳ್ಳುವುದಕ್ಕೆ ಅದು ಕಣ್ಣಿಗೆ ಕಾಣದ ಜಂತುಹುಳಗಳನ್ನು ಹಿಡಿಯುತ್ತದೆ. ಕೆನಡಾದ ವಿಜ್ಞಾನಿಗಳಾದ ಥಾರ್ನ್ ಮತ್ತು ಬ್ಯಾರನ್ ಇದನ್ನು 1984ರಲ್ಲಿ ಪ್ರಕಟಿಸಿದರು. ಎಳೆಗಳ ಮೇಲೆ ಸೂಕ್ಷ್ಮವಾದ ಗುಂಡುಗಳಿರುತ್ತವೆ. ಹುಳ ತಾಗಿದರೆ ಗುಂಡು ಒಡೆದು, ಹುಳ ನಿಮಿಷಗಳಲ್ಲೇ ಮರಗಟ್ಟುತ್ತದೆ. ಆಮೇಲೆ ಎಳೆಗಳು ಅದರ ಮೈಯೊಳಗೆ ಇಳಿಯುತ್ತವೆ. ಗುಂಡಿನೊಳಗಿನ ವಿಷ 3-ಆಕ್ಟನೋನ್ ಎಂಬ ಆವಿಯಾಗುವ ವಸ್ತು ಎಂದು ತೈವಾನ್‌ನ ವಿಜ್ಞಾನಿಗಳು 2023ರಲ್ಲಿ ತೋರಿಸಿದರು. ತಿನ್ನುವ ನಮಗೆ ಇದರಿಂದ ಏನೂ ತೊಂದರೆ ಇಲ್ಲ.

ಮೊಗ್ಗು ಕಂಡ ಮೂರು ನಾಲ್ಕು ದಿನಕ್ಕೆ ಕೊಯ್ಲು. ಟೋಪಿಯ ಅಂಚು ಇನ್ನೂ ಸ್ವಲ್ಪ ಕೆಳಕ್ಕೆ ಬಾಗಿರುವಾಗಲೇ ತಿರುಚಿ ಕೀಳಬೇಕು. ಅಂಚು ಮೇಲೆದ್ದರೆ ಬೀಜಕಣ ಉದುರಲು ಶುರು. ಬೆಳಗಿನ ಹೊತ್ತು ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಬಲಿತ ಟೋಪಿಯ ಕೆಳಗಿನಿಂದ ಸಣ್ಣ ಹೊಗೆ ಎದ್ದು ಪಕ್ಕಕ್ಕೆ ಸರಿಯುವುದು ಕಾಣುತ್ತದೆ. ಅದು ಹೊಗೆಯಲ್ಲ, ಲಕ್ಷಗಟ್ಟಲೆ ಬೀಜಕಣ. ಕೋಣೆಯಲ್ಲಿ ಗಾಳಿ ಇಲ್ಲದಿದ್ದರೂ ಅದು ಸರಿಯುತ್ತದೆ. ಟೋಪಿ ಮುಟ್ಟಿದರೆ ತಣ್ಣಗಿರುತ್ತದೆ, ನೀರು ಆವಿಯಾಗುತ್ತಲೇ ಇರುವುದರಿಂದ. ಆ ತಂಪಿನಿಂದಲೇ ಅಣಬೆ ತನ್ನ ಸುತ್ತ ಸಣ್ಣ ಗಾಳಿ ಎಬ್ಬಿಸಿಕೊಂಡು ಬೀಜಕಣಗಳನ್ನು ದೂಡುತ್ತದೆ ಎಂದು 2016ರ ಒಂದು ಅಮೆರಿಕನ್ ಅಧ್ಯಯನ ಹೇಳುತ್ತದೆ. ನೋಡಲು ಚೆಂದ, ಎದೆಗೆ ಒಳ್ಳೆಯದಲ್ಲ. ದಿನಾ ಆ ಧೂಳು ಕುಡಿದವರಿಗೆ ಕೆಮ್ಮು, ಜ್ವರ ಬರುವುದುಂಟು. ಕೊಯ್ಯುವಾಗ ಮಾಸ್ಕ್ ಹಾಕಲೇಬೇಕು. ಒಂದು ಕಿಲೋ ಒಣಹುಲ್ಲಿಗೆ ಮೂರು ಕೊಯ್ಲು ಸೇರಿ ಅರ್ಧದಿಂದ ಮುಕ್ಕಾಲು ಕಿಲೋ ಹಸಿ ಅಣಬೆ ನನಗೆ ಸಿಗುತ್ತದೆ.

ಅಡುಗೆಗೆ ಮುಂಚೆ ಟೋಪಿ ಬೋರಲು ಮಾಡಿ, ಕೆಳಗಿನ ಪದರಗಳು ಮೇಲೆ ಬರುವಂತೆ ಮಧ್ಯಾಹ್ನದ ಬಿಸಿಲಲ್ಲಿ ಅರ್ಧ ಗಂಟೆ ಇಡಿ. ಕೊಯ್ದ ಮೇಲೂ ಅದು ಬಿಸಿಲಿಗೆ ವಿಟಮಿನ್ ಡಿ ಮಾಡಿಕೊಳ್ಳುತ್ತದೆ, ನಮ್ಮ ಚರ್ಮದ ಹಾಗೆಯೇ. ಚೆನ್ನಾಗಿ ಬೇಯಿಸಿಯೇ ತಿನ್ನಿ. ಕೈಟಿನ್ ಹಸಿಯಾಗಿ ಅರಗುವುದು ಕಷ್ಟ.

ಮೊದಲ ಮಳೆಗೆ ಏಳುವ ಹುತ್ತದ ಅಣಬೆಯ ರುಚಿ ಇದಕ್ಕಿಲ್ಲ, ಒಪ್ಪುತ್ತೇನೆ. ಅದನ್ನು ಬೆಳೆಸಿ ಮಾರುವುದು ಮಾತ್ರ ಮನುಷ್ಯರಿಗೆ ಇನ್ನೂ ಒಲಿದಿಲ್ಲ. ಗೆದ್ದಲುಗಳು ಸುಮಾರು ಮೂರು ಕೋಟಿ ವರ್ಷದಿಂದ ಹುತ್ತದೊಳಗೆ ಅದರ ಕೃಷಿ ಮಾಡುತ್ತಿವೆ. ಅದನ್ನು ಹುಡುಕುವ ಆಸೆಯಲ್ಲಿ ಗುರುತಿಲ್ಲದ್ದನ್ನು ಕೀಳಬೇಡಿ. ಬೆಳ್ಳಿ ಕಪ್ಪಾಗದಿದ್ದರೆ ತಿನ್ನಬಹುದು, ಹುಳ ತಿಂದಿದ್ದರೆ ತಿನ್ನಬಹುದು ಅನ್ನುವುದೆಲ್ಲ ಸುಳ್ಳು. ಕೆಲವು ಅಣಬೆಯ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ವಾಂತಿ ಶುರುವಾಗುವುದೇ ತಿಂದು ಆರು ತಾಸು ದಾಟಿದ ಮೇಲೆ. ನಡುವೆ ಗುಣವಾದಂತೆ ಕಂಡು, ಆಮೇಲೆ ಲಿವರ್ ಕೆಡುತ್ತದೆ.

ಮಾರ್ಚ್ ಬಂತು ಅಂದರೆ ಚಿಪ್ಪು ಅಣಬೆ ಬಿಟ್ಟು ಹಾಲು ಅಣಬೆಗೆ ಬದಲಾಗುತ್ತೇನೆ. ಚಿಪ್ಪು ಅಣಬೆಯ ಕೃಷಿ ಮೊದಲ ಮಹಾಯುದ್ಧದ ಕಾಲದ ಜರ್ಮನಿಯಲ್ಲಿ ಮರದ ಬೊಡ್ಡೆಗಳ ಮೇಲೆ ಶುರುವಾದದ್ದು. ಹಾಲು ಅಣಬೆ ಪಶ್ಚಿಮ ಬಂಗಾಳದಲ್ಲಿ ಸಿಕ್ಕ ನಮ್ಮ ದೇಶದ್ದು, 30ರಿಂದ 35 ಡಿಗ್ರಿ ಸೆಕೆಗೆ ಹೇಳಿ ಮಾಡಿಸಿದ್ದು. ಹುಲ್ಲು, ಬಿಸಿನೀರು, ಬೀಜ ಎಲ್ಲ ಇದೇ ಕ್ರಮ. ಎಳೆ ಹಬ್ಬಿದ ಮೇಲೆ ಚೀಲವನ್ನು ಅಡ್ಡಕ್ಕೆ ಕತ್ತರಿಸಿ, ಹಬೆಯಲ್ಲಿ ಬೇಯಿಸಿ ಆರಿಸಿದ ಮಣ್ಣನ್ನು ಒಂದು ಇಂಚು ಹರಡಬೇಕು, ಅದು ಒಣಗದಂತೆ ನೋಡಿಕೊಳ್ಳಬೇಕು. ಕೊಯ್ದ ಮೇಲೆ ಚಿಪ್ಪು ಅಣಬೆಗಿಂತ ಜಾಸ್ತಿ ದಿನ ಕೆಡದೆ ಇರುತ್ತದೆ. ಪೇಟೆ ದೂರ ಇರುವವರು ಇದರಿಂದಲೇ ಶುರು ಮಾಡಬಹುದು.