ಬೈಗುಳ ತಿನ್ನುವ ತಾಲೀಮು: ನನ್ನ ಅನುಭವ

ಕಬ್ಬಿನ ಬಾಕಿಗಾಗಿ ಒಂದು ಕಾರ್ಖಾನೆಯ ಮುಂದೆ ಮೊದಲ ಸಲ ಧರಣಿ ಕೂತಾಗ, ಹಿಂದಿನ ರಾತ್ರಿ ನಾನೇ ಭಾಷಣ ಮಾಡಿದ್ದೆ. 1938ರ ಶಿವಪುರದ ಧ್ವಜ ಸತ್ಯಾಗ್ರಹವನ್ನು ವರ್ಣಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಬೆಳಗ್ಗೆ ಕಾವಲುಗಾರನೊಬ್ಬ ತಾಯಿಯ ಹೆಸರೆತ್ತಿ ಬೈದ. ನಮ್ಮ ಹುಡುಗ ಕಲ್ಲೆತ್ತಿದ. ಹನ್ನೊಂದು ಜನರ ಮೇಲೆ ಕೇಸು. ಜಾಮೀನು, ವಕೀಲರು, ಅಲೆದಾಟ ಎಂದು ಸುಮಾರು 70 ಸಾವಿರ ಕೈಬಿಟ್ಟಿತು. ಶಾಮಿಯಾನದವನ ಬಾಡಿಗೆ ಬೇರೆ.

ಆಮೇಲೆ ಅಮೆರಿಕದಲ್ಲಿ ಕರಿಯರ ಹಕ್ಕಿಗಾಗಿ ಹೋರಾಡಿದ ಪಾದ್ರಿ ಜೇಮ್ಸ್ ಲಾಸನ್ ಅವರ ಬಗ್ಗೆ ಓದಿದೆ. 1953ರಲ್ಲಿ ಮಿಷನರಿಯಾಗಿ ನಾಗಪುರಕ್ಕೆ ಬಂದು, ಗಾಂಧಿಯನ್ನು ಅರೆದು ಕುಡಿದು ಹೋದವರು. ನ್ಯಾಶ್‌ವಿಲ್‌ನ ವಿದ್ಯಾರ್ಥಿಗಳಿಗೆ ಅವರು ಬರೀ ಉಪದೇಶ ಮಾಡಲಿಲ್ಲ. ತಿರುಗಿ ಕೈಯೆತ್ತದೆ ಸಹಿಸುವುದನ್ನು ಕಲಿಯಲೆಂದು ಅವರನ್ನು ಬೈಸಿದರು, ತಳ್ಳಿಸಿದರು, ಮುಖಕ್ಕೆ ಹೊಗೆ ಬಿಡಿಸಿದರು. 1960ರಲ್ಲಿ ಆ ಹುಡುಗರು ಬಿಳಿಯರಿಗೆ ಮಾತ್ರ ಬಡಿಸುತ್ತಿದ್ದ ಅಂಗಡಿಗಳ ಊಟದ ಕಟ್ಟೆಗಳಲ್ಲಿ ಕೂತರು. ಮೇ ತಿಂಗಳಲ್ಲಿ ಕಟ್ಟೆಗಳು ಕರಿಯರಿಗೂ ತೆರೆದವು. ನಮ್ಮ ಆಲೆಮನೆಯ ಬೆಲ್ಲ ಅಮೆರಿಕ ಸುತ್ತಿಕೊಂಡು ಬಂದ ಹಾಗಾಯಿತು.

ನಾವೂ ಹೀಗೇ ತಾಲೀಮು ಮಾಡೋಣ ಎಂದೆ. "ಒದೆ ತಿನ್ನುವುದಕ್ಕೂ ತಾಲೀಮು ಬೇಕೇ ಮೇಷ್ಟ್ರೇ?" ಎಂದು ಸಂಘದವರು ನಕ್ಕರು. ಕುರುಕ್ಷೇತ್ರ ನಾಟಕಕ್ಕೆ ಮೂರು ತಿಂಗಳು ತಾಲೀಮು ಮಾಡುವ ಊರು ನಮ್ಮದು! ಅದರ ದುರ್ಯೋಧನನನ್ನೇ ಇನ್ಸ್‌ಪೆಕ್ಟರ್ ಮಾಡಿದೆ. ಡೇರಿಗೆ ಹಾಲು ಹಾಕಿ ಬಂದವರು ಅರಳಿಕಟ್ಟೆಯ ಮೇಲೆ ಕೂರಬೇಕು, ಅವನು ಬೈಯಬೇಕು. ಮೊದಲ ಸಂಜೆ ಅವನು ಸೋದರಮಾವನ ಹೆಗಲಿನ ಟವೆಲ್ ಎಳೆದು ಮುಖಕ್ಕೆ ಬೀಡಿ ಹೊಗೆ ಬಿಟ್ಟ. ಮಾವ ಎದ್ದು ಕಪಾಳಕ್ಕೆ ಬಾರಿಸಿದರು. ಎರಡು ವಾರ ಮಾತಿಲ್ಲ. ಮೂರನೆಯ ವಾರ ಅದೇ ಮಾವ ಟವೆಲ್ ಎಳೆಸಿಕೊಂಡು, ಎಲೆಅಡಿಕೆ ಜಗಿಯುತ್ತಾ ಕೂತರು.

ನಡುವೆ ಮೌನ ಧರಣಿಯನ್ನೂ ಪ್ರಯೋಗಿಸಿ ನೋಡಿದೆ. ಅರ್ಧ ಗಂಟೆಯಲ್ಲಿ ಎಲ್ಲರೂ ಮೊಬೈಲ್ ಹಿಡಿದಿದ್ದರು. ಅದನ್ನು ಕೈಬಿಟ್ಟು ಹೆಂಗಸರಿಂದ ಸೋಬಾನೆ ಹಾಡಿಸಿದೆ, ಅದು ಕಚ್ಚಿಕೊಂಡಿತು. ಸಾಲಿನ ಎರಡು ತುದಿಗಳಲ್ಲಿ ಎಂಥವರನ್ನು ಕೂರಿಸಬೇಕು ಎಂಬುದೇ ದೊಡ್ಡ ಗುಟ್ಟು. ಅದನ್ನು ಇಲ್ಲಿ ಬರೆಯುವುದಿಲ್ಲ.

ಎರಡನೆಯ ಧರಣಿ ಹುಣಸೆಮರದ ಕೆಳಗೆ, ಶಾಮಿಯಾನವಿಲ್ಲದೆ, ಹದಿನೇಳೋ ಹದಿನೆಂಟೋ ದಿನ. ಟೀ, ಮುದ್ದೆ ಸೇರಿ ಖರ್ಚು 22 ಸಾವಿರದ ಒಳಗೆ. ಒಂದು ಕಲ್ಲೂ ಏಳಲಿಲ್ಲ. ಬಾಕಿ ಎರಡು ಕಂತಿನಲ್ಲಿ ಬಂತು, ಬಡ್ಡಿ ಬರಲಿಲ್ಲ. ನಕ್ಕವರೇ ಈಗ ಫೋನ್ ಮಾಡುತ್ತಾರೆ.

ಕಳೆದ ವರ್ಷ ಮೈಸೂರಿನ ಪೌರಕಾರ್ಮಿಕರು ಕರೆದರು. ದುರ್ಯೋಧನನ ಬಸ್ ಚಾರ್ಜು ನಾನೇ ಕೊಟ್ಟು ಕರೆದುಕೊಂಡು ಹೋದೆ. ಅವನು ಮೀಸೆ ತಿರುವಿ ಬೈದದ್ದೇ ತಡ, ಮುಂದಿದ್ದ ಹೆಂಗಸರೆಲ್ಲ ನಕ್ಕುಬಿಟ್ಟರು. "ಇದೇನಣ್ಣ, ಇದಕ್ಕಿಂತ ಕೆಟ್ಟದ್ದನ್ನು ದಿನಾ ಬೆಳಗ್ಗೆ ಕೇಳುತ್ತೇವೆ" ಎಂದು ಒಬ್ಬಾಕೆ ಎದ್ದು ಬಂದು, ಅವನ ಮಾತನ್ನು ಒಂದೊಂದಾಗಿ ತಿದ್ದಿಕೊಟ್ಟರು.