ಹೊಗೆಯೊಳಗೆ ಬಾಗಿಲು ಹುಡುಕಿದ್ದು

ಸುರಂಗದಿಂದ ಹೊರಗೆ ಬಂದಾಗ ನನ್ನ ಎಡ ಅಂಗೈ ಕಾವಲಿ ಒರೆಸಿದ ಬಟ್ಟೆಯ ಹಾಗೆ ಕಪ್ಪಾಗಿತ್ತು. ಗೋಡೆಗೆ ಮೆತ್ತಿದ್ದ ಡೀಸೆಲ್ ಮಸಿ. ಐದು ನಿಮಿಷ ಆ ಗೋಡೆ ಸವರಿಕೊಂಡು ನಡೆದಿದ್ದೆ, ಬಾಗಿಲು ಸಿಗಲಿಲ್ಲ. ಸಿಗೋದಾದರೂ ಹೇಗೆ? ಬಾಗಿಲಿದ್ದದ್ದು ಎದುರಿನ ಗೋಡೆಯಲ್ಲಿ.

ನಾನು ಹಿಮಾಲಯದ ಒಂದು ಹೆದ್ದಾರಿ ಸುರಂಗದಲ್ಲಿ ಸುರಕ್ಷತಾ ಇಂಜಿನಿಯರ್. ಹೆಸರು ಬೇಡ. ಹೋಗುವ, ಬರುವ ಗಾಡಿಗಳೆಲ್ಲ ಒಂದೇ ಸುರಂಗದಲ್ಲಿ. ಪಕ್ಕದಲ್ಲಿ ತಪ್ಪಿಸಿಕೊಳ್ಳುವುದಕ್ಕೆ ಅಂತಲೇ ಚಿಕ್ಕದೊಂದು ಸುರಂಗ, ನಡುವೆ ಅಲ್ಲಲ್ಲಿ ಬಾಗಿಲಿರುವ ಅಡ್ಡದಾರಿ. ಜಮ್ಮುವಿನ ಚೆನಾನಿ–ನಾಶ್ರಿಯಲ್ಲೂ ಹೀಗೇ ಇದೆ. 9.28 ಕಿ.ಮೀ. ಉದ್ದಕ್ಕೆ 29 ಅಡ್ಡದಾರಿಗಳು, ಸುಮಾರು 300 ಮೀಟರಿಗೊಂದು. ಅಟಲ್ ಸುರಂಗದಲ್ಲಾದರೆ ತಪ್ಪಿಸಿಕೊಳ್ಳುವ ದಾರಿ ರಸ್ತೆಯ ಕೆಳಗೇ ಇದೆ. ನಕ್ಷೆ ನೋಡಿದರೆ ಅಷ್ಟೇನಾ ಅನ್ನಿಸುತ್ತೆ.

ಒಂದು ರಾತ್ರಿ ಸಂಚಾರ ನಿಲ್ಲಿಸಿ ಅಣಕು ತಾಲೀಮು ಇಟ್ಟುಕೊಂಡೆವು. ಮದುವೆ ಸ್ಟೇಜ್ ಮೇಲೆ ಬಿಡ್ತಾರಲ್ಲ, ಅಂಥದೇ ಹೊಗೆ. ಕಣ್ಣು ಉರಿಯಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ. ನಿಜವಾದ ಬೆಂಕಿಯಲ್ಲಿ ಬಿಸಿ ಹೊಗೆ ಮೊದಲು ಚಾವಣಿಗೆ ಏರುತ್ತೆ, ದೂರ ಹೋದಂತೆ ತಣ್ಣಗಾಗಿ ಕೆಳಗಿಳಿಯುತ್ತೆ. ನಮ್ಮದು ಮೊದಲಿಂದಲೇ ನೆಲದಿಂದ ಚಾವಣಿವರೆಗೆ ತುಂಬಿಕೊಂಡಿತ್ತು. ಸುಳ್ಳು ಹೊಗೆಯೇ, ಆದರೂ ಚಾಚಿದ ಕೈಯ ಬೆರಳು ಕಾಣಲಿಲ್ಲ.

ನಾನೂ ಜೀಪಿನಿಂದ ಇಳಿದೆ. ಬಾಗಿಲು ಯಾವ ಕಡೆ ಅಂತ ನನಗೆ ಗೊತ್ತು, ನಕ್ಷೆ ತಿದ್ದಿದವನೇ ನಾನು. ಒಂದು ಲಾರಿಯ ಹಿಂದೆ ಸುತ್ತಿಕೊಂಡು ಬಂದೆ. ಅಷ್ಟರಲ್ಲಿ ದಿಕ್ಕು ತಪ್ಪಿತ್ತು. ಕೈಗೆ ಗೋಡೆ ಸಿಕ್ಕ ಸಮಾಧಾನದಲ್ಲಿ ಅದು ಯಾವ ಗೋಡೆ ಅಂತ ಯೋಚನೆಯೇ ಬರಲಿಲ್ಲ. ಮೊಬೈಲ್ ಟಾರ್ಚ್ ಹಾಕಿದೆ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದರೆ ಏನಾಗುತ್ತೋ ಅದೇ ಆಯ್ತು, ಎದುರಿಗೆ ಬರೀ ಬಿಳಿ ಪರದೆ. ಟಾರ್ಚ್ ಆರಿಸಿದೆ. ಆಮೇಲೆ ಲೆಕ್ಕ ಹಾಕಿದರೆ ಐದು ನಿಮಿಷಕ್ಕೆ ನಡೆದದ್ದು 120 ಮೀಟರ್. ಬೆಳಕಿದ್ದರೆ ಎರಡು ನಿಮಿಷವೂ ಬೇಡ.

ಧ್ವನಿವರ್ಧಕದಲ್ಲಿ ನಾನೇ ಬರೆದುಕೊಟ್ಟ ಪ್ರಕಟಣೆ ಬರುತ್ತಿತ್ತು. ಒಂದು ಪದವೂ ಅರ್ಥವಾಗಲಿಲ್ಲ. ಫ್ಯಾನ್‌ಗಳ ಸದ್ದು ಬೇರೆ, ಗೋಡೆಗೆ ಬಡಿದು ತಿರುಗುವ ಪ್ರತಿಧ್ವನಿ ಬೇರೆ. ನಾಲ್ಕು ಸಾಲಿನ ವಿನಯದ ಹಿಂದಿ ಎಲ್ಲ ಸೇರಿ ಒಂದೇ ಗೊಣಗಾಟ.

ಅದಕ್ಕಿಂತ ಜಾಸ್ತಿ ಚಿಂತೆಗೆ ಹಚ್ಚಿದ್ದು ಒಬ್ಬ ಲಾರಿ ಡ್ರೈವರ್. ತಾಲೀಮಿಗೆ ಅಂತಲೇ ಕರೆಸಿದ್ದೆವು, ಆದರೂ ಆತ ಕ್ಯಾಬಿನ್‌ನಿಂದ ಇಳಿಯಲೇ ಇಲ್ಲ. ‘ಮಾಲು ಬಿಟ್ಟು ಹೋದರೆ ಯಜಮಾನರಿಗೆ ಏನು ಹೇಳ್ಲಿ ಸಾಬ್?’ ಅಂದ. ನಗು ಬರಲಿಲ್ಲ. 1999ರ ಮಾರ್ಚ್ 24ರಂದು ಫ್ರಾನ್ಸ್–ಇಟಲಿ ನಡುವಿನ ಮಾಂ ಬ್ಲಾಂ ಸುರಂಗದಲ್ಲಿ ಹಿಟ್ಟು, ಬೆಣ್ಣೆಯಂಥ ಮಾರ್ಗರೀನ್ ತುಂಬಿದ್ದ ಲಾರಿಗೆ ಬೆಂಕಿ ಬಿದ್ದು 39 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಸಿಕ್ಕಿದ್ದು ತಮ್ಮ ವಾಹನಗಳಲ್ಲೇ. ನಾರ್ವೆಯ ಗುಡ್ವಂಗಾ ಸುರಂಗದ್ದು ಬೇರೆ ಕಥೆ. 2013ರ ಆಗಸ್ಟ್‌ನಲ್ಲಿ ಅಲ್ಲಿ 67 ಜನ ಹೊಗೆಯಲ್ಲಿ ಸಿಕ್ಕಿಬಿದ್ದರು. ಫ್ಯಾನ್‌ಗಳು ಹೊಗೆಯನ್ನು ಅವರ ಕಡೆಗೇ ತಳ್ಳುತ್ತಿದ್ದವು. ಪಕ್ಕಕ್ಕೆ ಹೊರಳಲು ಒಂದು ಬಾಗಿಲೂ ಇರಲಿಲ್ಲ. ಆದರೂ ಎಲ್ಲರೂ ಬದುಕಿ ಬಂದರು. ಆ ಪ್ರಕರಣ ಓದಿದ ಮೇಲೆ ನಮ್ಮ ಫ್ಯಾನ್‌ಗಳ ಬಟನ್ ಯಾರು, ಯಾವಾಗ ಒತ್ತಬೇಕು ಅಂತ ಕಂಟ್ರೋಲ್ ರೂಮಿನವರ ಜೊತೆ ನಾನು ಆಡಿದ ಜಗಳ ಅಷ್ಟಿಷ್ಟಲ್ಲ.

ಎರಡನೇ ತಾಲೀಮಿಗೆ ಪ್ರಕಟಣೆ ಹರಿದು ಹಾಕಿದೆ. ಬಾಗಿಲ ತಲೆಯ ಮೇಲೇ ಒಂದು ಸ್ಪೀಕರ್, ಎರಡು ಬೀಪ್, ಆಮೇಲೆ ಮೂರೇ ಪದ: ‘ದರ್ವಾಜಾ ಇಧರ್ ಹೈ’. ಸದ್ದು ಬಂದ ಕಡೆ ನಡೆದರೆ ಸಾಕು. ಬಾಗಿಲಿರುವ ಗೋಡೆಗೆ ಸೊಂಟದ ಎತ್ತರದಲ್ಲಿ ಹಗ್ಗ ಕಟ್ಟಿಸಿದೆ. ಗಣಿಗಳಲ್ಲಿ ಇರುತ್ತಲ್ಲ, ಹಾಗೆ ನಡುನಡುವೆ ಶಂಕುವಿನ ಆಕಾರದ ತುಂಡು ಪೋಣಿಸಿದ್ದು. ಬಾಗಿಲ ಕಡೆ ಹೋಗುತ್ತಿದ್ದರೆ ಕೈ ಸುಮ್ನೆ ಜಾರಿಕೊಂಡು ಹೋಗುತ್ತೆ, ಉಲ್ಟಾ ತಿರುಗಿದರೆ ತಡೆಯುತ್ತೆ. ಎದುರಿನ ಗೋಡೆಗೆ ಹಗ್ಗವೇ ಇಲ್ಲ. ಬರೀ ಗೋಡೆ ಸಿಕ್ಕಿದರೆ ರಸ್ತೆ ದಾಟು ಅಂತ ಅರ್ಥ. ಇದನ್ನು ಮೊದಲೇ ಹೇಳಿಕೊಟ್ಟಿರಬೇಕು ಅನ್ನೋದು ಇದರ ದೊಡ್ಡ ಕೊರತೆ. ಪ್ರವಾಸಕ್ಕೆ ಬಂದವರಿಗೆ ಯಾರು ಹೇಳ್ತಾರೆ? ಅದಕ್ಕೇ ಸ್ಪೀಕರ್ ಮೇಲೇ ನನಗೆ ನಂಬಿಕೆ ಜಾಸ್ತಿ.

ಅದೇ ಡ್ರೈವರ್‌ನನ್ನು ಮತ್ತೆ ಕರೆಸಿದ್ದೆ. ಎಂಜಿನ್ ಆಫ್ ಮಾಡಿ, ಕೀ ಗಾಡಿಯಲ್ಲೇ ಬಿಟ್ಟು ಇಳಿಯಬೇಕು, ಅಗ್ನಿಶಾಮಕದವರು ಲಾರಿ ಸರಿಸಬೇಕಾಗುತ್ತೆ ಅಂತ ಬಿಡಿಸಿ ಹೇಳಿದ್ದೆ. ಈ ಸಲ ಬಾಗಿಲು ತಲುಪಿದವರಲ್ಲಿ ಆತನೇ ಎರಡನೆಯವ. ಅಂಗೈಗೆ ಮಸಿ ಹತ್ತಿರಲಿಲ್ಲ, ನಾಲ್ಕು ಸಲ ತೋರಿಸಿದ.

ಕೀ ಮಾತ್ರ ಜೇಬಲ್ಲೇ ಇತ್ತು.