ಹೈದರಾಬಾದಿನಿಂದ ಬೆಂಗಳೂರಿಗೆ ಪ್ರಯೋಗದ ಇಲಿಗಳು

ಹೈದರಾಬಾದಿನಿಂದ ಬೆಂಗಳೂರಿಗೆ ಸುಮಾರು 570 ಕಿ.ಮೀ. ನಮ್ಮ ಪ್ರಯೋಗಾಲಯಕ್ಕೆ ವ್ಯಾನಿನಲ್ಲಿ ತರುವ ಸ್ವಿಸ್ ಅಲ್ಬಿನೊ (ಪ್ರಯೋಗಕ್ಕೆಂದು ಸಾಕುವ ಬಿಳಿ) ಇಲಿಗಳಿಗೆ ಇಷ್ಟು ದೂರ ದೊಡ್ಡದಲ್ಲ, ಪೆಟ್ಟಿಗೆಯೊಳಗಿನ ಧಗೆ ದೊಡ್ಡದು. ಬೆವರಿ ಮೈ ತಣಿಸಿಕೊಳ್ಳುವುದು ಇಲಿಗೆ ಆಗದು. ಒತ್ತೊತ್ತಾಗಿ ತುಂಬಿದರೆ ಅವುಗಳ ಮೈಕಾವೇ ಅವಕ್ಕೆ ಮುಳುವು. ವ್ಯಾನಿನ ಎಸಿ 22 ಡಿಗ್ರಿ ತೋರಿಸಿದರೂ ಪೆಟ್ಟಿಗೆಯೊಳಗೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಆದ್ದರಿಂದ ತಾಪಮಾನ ದಾಖಲಿಸುವ ಡೇಟಾ ಲಾಗರನ್ನು ವ್ಯಾನಿನ ಗೋಡೆಗೆ ಅಂಟಿಸುವುದಿಲ್ಲ. ಇಲಿ ಕಡಿಯದಂತೆ ತಂತಿ ಜಾಲರಿ ಸುತ್ತಿ, ನಡುಸಾಲಿನ ಒಂದು ಪೆಟ್ಟಿಗೆಯೊಳಗೇ ಇಡುತ್ತೇವೆ.

ಪೆಟ್ಟಿಗೆಯ ಗಾಳಿಕಿಂಡಿಗಳು ಪಕ್ಕದಲ್ಲಿರುತ್ತವೆ. ಒಂದಕ್ಕೊಂದು ಅಂಟಿಸಿ ಜೋಡಿಸಿದರೆ ಕಿಂಡಿ ಇದ್ದೂ ಇಲ್ಲದಂತೆ. ನಡುವೆ ಮರದ ಪಟ್ಟಿ ಕೊಟ್ಟು 5 ಸೆಂ.ಮೀ. ಸಂದು ಬಿಟ್ಟು, ಬ್ರೇಕ್ ಹಾಕಿದಾಗ ಜಾರದಂತೆ ಹಗ್ಗ ಬಿಗಿಯುತ್ತೇವೆ. ಬೇಸಿಗೆಯಲ್ಲಿ ಹೊರಡುವುದು ರಾತ್ರಿ 8ರ ಮೇಲೆ. ಡೀಸೆಲ್ ಮೊದಲೇ ತುಂಬಿಸಿರಬೇಕು. ಡ್ರೈವರ್ ಚಹಾಕ್ಕೆ ಇಳಿದರೂ ಇಂಜಿನ್ ಆರಿಸಬಾರದು. ಎಸಿ ನಿಂತ ಹತ್ತೇ ನಿಮಿಷದಲ್ಲಿ ಲಾಗರಿನ ಗೆರೆ ಮೇಲೇಳುವುದು ಕಾಣುತ್ತದೆ.

ನೀರಿನ ಬಾಟಲಿ ಮಾತ್ರ ಬೇಡವೇ ಬೇಡ. ಕುಲುಕಾಟಕ್ಕೆ ತೊಟ್ಟಿಕ್ಕಿ ಕೆಳಗೆ ಹಾಸಿದ ಭತ್ತದ ಹೊಟ್ಟು ನೆನೆಯುತ್ತದೆ, ಒದ್ದೆ ಮೈಯ ಇಲಿ ಎಸಿ ಗಾಳಿಗೆ ಸೆಟೆದು ಸಾಯುತ್ತದೆ. ಬದಲಿಗೆ ನೀರಿನ ಜೆಲ್, ಇಲ್ಲವೇ ತೊಳೆದ ಸೌತೆಕಾಯಿ. ಸೌತೆಯಲ್ಲಿ ನೂರಕ್ಕೆ 95ರಷ್ಟು ನೀರೇ, ಇಲಿಯೊಂದಕ್ಕೆ 10 ಗ್ರಾಂ ಲೆಕ್ಕ. ದಾರಿಯಲ್ಲಿ ತಡವಾದೀತೆಂದು ಅಷ್ಟೇ ಮತ್ತೆ ಸೇರಿಸುತ್ತೇವೆ. ಜೆಲ್ ಆದರೆ ಹಿಂದಿನ ದಿನವೇ ಪಂಜರದಲ್ಲಿ ಕೊಟ್ಟು ರುಚಿ ಹತ್ತಿಸಬೇಕು, ಗೊತ್ತಿಲ್ಲದ್ದನ್ನು ಕೆಲವು ಮೂಸಿಯೂ ನೋಡವು.

ಗಂಡಿಲಿಗಳನ್ನು ಒಂದೇ ಪಂಜರದಲ್ಲಿ ಬೆಳೆದ ಗುಂಪಾಗಿಯೇ ತುಂಬಬೇಕು. ಜಾಗ ಉಳಿಯಿತೆಂದು ಬೇರೆ ಪಂಜರದ್ದನ್ನು ಸೇರಿಸಿದರೆ ಬೆಳಗಾಗುವಷ್ಟರಲ್ಲಿ ಬಾಲ, ಬೆನ್ನಿನ ಮೇಲೆ ಕಚ್ಚಿದ ಗಾಯ. ಹಳೆಯ ಗೂಡಿನ ಕಾಗದದ ಚೂರು ಒಂದು ಹಿಡಿ ಹಾಕಿದರೆ ಜಗಳ ಕಡಿಮೆ. ದಿನ ತುಂಬುತ್ತಿರುವ ಬಸುರಿ ಇಲಿಯನ್ನು ಹತ್ತಿಸುವುದೇ ಇಲ್ಲ.

ಕಾಗದಪತ್ರ ಸರಳ: ಎರಡೂ ಕಡೆಯ ಸಿಸಿಎಸ್‌ಇಎ (ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆಯ ಕೇಂದ್ರ ಸಮಿತಿ) ನೋಂದಣಿ, ನಮ್ಮ ನೈತಿಕ ಸಮಿತಿಯ ಒಪ್ಪಿಗೆ, ಪಶುವೈದ್ಯರ ಆರೋಗ್ಯಪತ್ರ. ಇವುಗಳ ಪ್ರತಿ ಡ್ರೈವರ್ ಕೈಯಲ್ಲೂ ಇರಲಿ.

ಇಳಿಸಿದ ಮೇಲೆ ತೂಕ ನೋಡಿ, ಏಳು ದಿನ ಪ್ರತ್ಯೇಕ ಕೋಣೆಯಲ್ಲಿ. ಪ್ರಯಾಣದ ಒತ್ತಡಕ್ಕೆ ಏರಿದ ಕಾರ್ಟಿಕೊಸ್ಟೆರೋನ್ ಹಾರ್ಮೋನು ಇಳಿಯದೆ ಪ್ರಯೋಗ ಶುರುಮಾಡಿದರೆ ಅಳೆಯುವುದು ಔಷಧದ ಪರಿಣಾಮವನ್ನೋ ವ್ಯಾನಿನದ್ದನ್ನೋ ತಿಳಿಯದು. ಮೊದಲ ದಿನ ಬಾಟಲಿಯ ನೀರಿನ ಮಟ್ಟಕ್ಕೆ ಗುರುತು ಹಾಕಿಡಿ. ಹೈದರಾಬಾದಿನಲ್ಲಿ ಸ್ವಯಂಚಾಲಿತ ನಳಿಕೆಯಲ್ಲಿ ಕುಡಿದು ಬೆಳೆದವಕ್ಕೆ ಬಾಟಲಿ ಹೊಸತು. ಸಂಜೆಯಾದರೂ ಮಟ್ಟ ಇಳಿಯದಿದ್ದರೆ ಇಲಿಯ ಮೂತಿಯನ್ನು ಬಾಟಲಿಯ ನಳಿಕೆಗೆ ತಾಗಿಸಿ ಒಂದು ಹನಿ ನೆಕ್ಕಿಸಬೇಕು.